ಚಿಹ್ನೆಯ ಮನೆ

ಡುಲೂತ್‌ನಲ್ಲಿ ಆ ಜನವರಿ ಸರೋವರವೇ ಕಲ್ಲಾಗಿತ್ತು.
ಅದಿರು ಸಾಗಿಸುವ ರೈಲ್ವೆಯ ಪಿಂಚಣಿ ಕಚೇರಿ,
ನೆಲಮಾಳಿಗೆ, ರಾತ್ರಿ ಪಾಳಿ.
ಯಂತ್ರಕ್ಕೆ ತಂಪು ಬೇಕೆಂದು ಅಂಥ ಚಳಿಯಲ್ಲೂ
ತಂಪುಗಾಳಿ ಊದುತ್ತಿತ್ತು;
ಲೆಂಪಿ ಹಾರ್ಯು ಉಣ್ಣೆಯ ಕೈಗವಸಿನ
ಬೆರಳ ತುದಿಗಳನ್ನು ಕತ್ತರಿಸಿಕೊಂಡು ಬಂದಿದ್ದಳು.

ನಾನು ಹೊಸಬ. ಕೂಡುವುದೆಂದರೆ
ಕೂಡುವುದಷ್ಟೇ ಅಂದುಕೊಂಡಿದ್ದವನು.
ಇಲ್ಲಿ ಬರಿದೇ ಕೂಡು ಅನ್ನುವ ಹಾಗಿಲ್ಲ, ಅಂದಳು.
ಯಾವ ಬಗೆಯ ಅಂಕಿ, ಎಷ್ಟುದ್ದ, ಎಲ್ಲಿದೆ,
ಮೊತ್ತ ಉಬ್ಬಿದರೆ ಜಾಗವಿದೆಯೇ,
ಎಲ್ಲ ನೀನೇ ಹೇಳಬೇಕು.
ಭಾಗಿಸುವ ಮುಂಚೆ ಸಮ ರಿಜಿಸ್ಟರನ್ನು ತೊಳೆ,
ಅಲ್ಲಿ ಹಳೆಯ ಕಸವಿದ್ದರೆ ಉತ್ತರವೂ ಕಸ.
ಭಾಗಿಸಿದ ಮೇಲೆ ಭಾಗಲಬ್ಧ ಬೆಸಕ್ಕೆ, ಶೇಷ ಸಮಕ್ಕೆ.
"ಶೇಷವನ್ನು ಮರೆಯುವವರೇ ಹೆಚ್ಚು.
ಸೆಂಟುಗಳು ಕಾಣೆಯಾಗುವುದು ಅಲ್ಲಿಂದಲೇ."

ಹಣಕ್ಕೆ ಬೇರೆಯೇ ಕಟ್ಟು. ಒಂದು ಬೈಟಿನಲ್ಲಿ ಎರಡು ಅಂಕಿ,
ಒಂದೇ ಬೆಂಚಿನ ಇಬ್ಬರು ಹುಡುಗರ ಹಾಗೆ ಒತ್ತಿಕೊಂಡು.
ಕೊನೆಯ ಬೈಟಿನ ಕೊನೆಯರ್ಧ ಮಾತ್ರ ಅಂಕಿಗಲ್ಲ,
ಅದು ಚಿಹ್ನೆಯ ಮನೆ.
ಸಿ ಇದ್ದರೆ ಧನ. ಡಿ ಇದ್ದರೆ ಋಣ.
ಎಲ್ಲ ಓದಿ ಮುಗಿದ ಮೇಲಷ್ಟೇ ಗೊತ್ತಾಗುವುದು
ಕೊಡುವುದೋ, ಕಿತ್ತುಕೊಳ್ಳುವುದೋ.

ಎರಡೂಕಾಲಿಗೆ ಓಟ ನಿಂತಿತು.
ಸೊನ್ನೆ, ಸಿ, ಏಳು.
ಹನ್ನೊಂದು ಸಾವಿರ ಚೆಕ್ಕು ಬೆಳಗಿನ ಅಂಚೆಗೆ ಬೀಳಬೇಕು.
ಪ್ರಿಂಟರು ಯಂತ್ರದ ನೆನಪನ್ನೆಲ್ಲ ಕಾರಿತು,
ಮಡಿಕೆ ಮಡಿಕೆಯಾಗಿ, ಮೊಣಕಾಲೆತ್ತರ.
ಲೆಂಪಿ ನೆಲದ ಮೇಲೆ ಕೂತು ಹಸಿರು ಪಟ್ಟೆಗಳುದ್ದಕ್ಕೂ
ಹೆಣಿಗೆಯ ಕಡ್ಡಿ ಜಾರಿಸುತ್ತ ಹೋಗಿ
ಒಂದು ಕಡೆ ನಿಲ್ಲಿಸಿದಳು.

೪೦ ೪೦ ೪೦ ೪೦

ಹಣವೆಂದು ಓದಿದರೆ
ನಲವತ್ತು ಸಾವಿರದ ನಾನೂರ ನಾಲ್ಕು ಡಾಲರು, ನಾಲ್ಕು ಸೆಂಟು.
ಚಿಹ್ನೆಯ ಮನೆಯಲ್ಲಿ ಮಾತ್ರ ಸೊನ್ನೆ ಕೂತಿತ್ತು,
ಧನವೂ ಅಲ್ಲ, ಋಣವೂ ಅಲ್ಲ.
"ಇದು ಹಣವೇ ಅಲ್ಲ. ಕಾರ್ಡಿನಲ್ಲಿ ಯಾರೂ ಏನೂ ಬರೆದಿಲ್ಲ.
ಖಾಲಿ ಜಾಗಕ್ಕೂ ಇಲ್ಲೊಂದು ಗುರುತಿದೆ, ನೋಡು."

ನನಗೆ ಸುಲಭ ಹೊಳೆಯಿತು: ಖಾಲಿ ಕಂಡಲ್ಲಿ ಸೊನ್ನೆ ತುಂಬು,
ಕೊನೆಗೊಂದು ಸಿ. ಮೂರು ಸಾಲಿನ ಕೆಲಸ,
ಮನೆಗೆ ಹೋಗಿ ಮಲಗಬಹುದು.

ಅವಳು ಕಡ್ಡಿಯನ್ನು ಹೆಸರಿನ ಕಡೆಗೆ ಸರಿಸಿದಳು.
ಹಿಲ್ಯಾ ನಿಯೆಮೆಲ, ಟೂ ಹಾರ್ಬರ್ಸ್.
ಗಂಡ ನಿವೃತ್ತ ಬ್ರೇಕ್‌ಮನ್,
ನವೆಂಬರಿನಲ್ಲಿ ಮೀನಿಗೆಂದು ಹೋಗಿದ್ದ.
ದೋಣಿ ಸಿಕ್ಕಿತ್ತು.
ಬದುಕಿದ್ದಾನೆ ಅಂದರೆ ಅವನ ಪಿಂಚಣಿ,
ಸತ್ತ ಅಂದರೆ ವಿಧವೆಯ ಪಾಲು.
ಯಾವುದನ್ನು ಬರೆಯಲೂ ಗುಮಾಸ್ತನಿಗೆ ಕೈ ಬಂದಿರಲಿಲ್ಲ.

"ಸೊನ್ನೆ ಅಂದರೆ ಎಣಿಸಿ ನೋಡಿದೆ, ಏನೂ ಇಲ್ಲ ಅಂತ.
ಖಾಲಿ ಅಂದರೆ ಇನ್ನೂ ಎಣಿಸಿಯೇ ಇಲ್ಲ."
ಫ್ಲಾಸ್ಕಿನ ತಳದ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡಳು.
ಆಮೇಲೆ ಕಾರ್ಡು ಪಂಚ್ ಮಾಡತೊಡಗಿದಳು:
ಕೂಡುವ ಮೊದಲು ಚಿಹ್ನೆಯ ಮನೆಯ ಬಾಗಿಲು ತಟ್ಟು,
ಒಳಗೆ ಯಾರೂ ಇಲ್ಲದಿದ್ದರೆ ಕೂಡಬೇಡ,
ಹೆಸರನ್ನು ಬೇರೆ ಹಾಳೆಗೆ ಹಾಕು.
ಸಾಲಿನ ಬಲಕ್ಕೆ, ಯಂತ್ರ ಓದದ ಜಾಗದಲ್ಲಿ,
ಮುಂದೆ ಓದುವವರಿಗೆ ಎರಡು ಮಾತು:
ಕೇಳಿ ನೋಡಿ.

ನಾಲ್ಕಕ್ಕೆ ಓಟ ಮತ್ತೆ ಶುರು.
ಹನ್ನೊಂದು ಸಾವಿರಕ್ಕೆ ಒಂದು ಕಡಿಮೆ.
ಬೇರೆ ಹಾಳೆಯಲ್ಲಿ ಒಂದೇ ಸಾಲು;
ಮಡಿಸಿ ಕೋಟಿನೊಳಗೆ ಇಟ್ಟುಕೊಂಡಳು.
ಎಂಟಕ್ಕೆ ಮೇಲಂತಸ್ತಿನಲ್ಲಿ ಯಾರ ಮೇಜು ಗುದ್ದಿದಳೋ,
ನನಗೆ ಹೇಳಲಿಲ್ಲ.
ಫೆಬ್ರವರಿಯಲ್ಲೂ ಅದೇ ಹಾಳೆ, ಅದೇ ಹೆಸರು.
ಮಾರ್ಚಿನಲ್ಲೂ.

ಏಪ್ರಿಲ್ ಕೊನೆಗೆ ಹಿಮಗಡ್ಡೆ ಒಡೆಯಿತು.
ಮೇ ತಿಂಗಳ ಓಟದಲ್ಲಿ ಬೇರೆ ಹಾಳೆ ಬರಲೇ ಇಲ್ಲ.
ಅವಳಿಗೆ ತಿಳಿಯದಂತೆ ನಾನು ಆ ದಾಖಲೆ ತೆಗೆಸಿ ನೋಡಿದೆ.

೦೦ ೧೧ ೨೬ ೭ಸಿ

ನೂರ ಹನ್ನೆರಡು ಡಾಲರು, ಅರವತ್ತೇಳು ಸೆಂಟು.
ಕೊನೆಯ ಮನೆಯಲ್ಲಿ ಸಿ.
ಲೆಕ್ಕದಲ್ಲಿ ಅದಕ್ಕೆ ಧನ ಅನ್ನುತ್ತಾರೆ.